ಸಹಾಯ ಬೇಕು: ಗ್ಯಾಲ್ವೆಸ್ಟನ್ ಕ್ರೂಸ್‌ಗೆ ಮಕ್ಕಳ ದಾಖಲೆ

ಎಲ್ಲರಿಗೂ ನಮಸ್ಕಾರ. ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಮುಂದಿನ ತಿಂಗಳು ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಟು, ಮೆಕ್ಸಿಕೋದ ಕೋಜುಮೆಲ್ ದ್ವೀಪ ನೋಡಿಕೊಂಡು ಅಲ್ಲಿಗೇ ವಾಪಸ್ ಬರುವ ಕ್ರೂಸ್ ಬುಕ್ ಮಾಡಿದ್ದೇವೆ. ಅತ್ತೆಗೆ ಹುಷಾರಿಲ್ಲದೆ ನಮ್ಮ ಯಜಮಾನರು ಮೈಸೂರಿಗೆ ಹೋಗಿದ್ದಾರೆ, ಹಾಗಾಗಿ ಇಬ್ಬರು ಮಕ್ಕಳ ಜೊತೆ ನಾನೊಬ್ಬಳೇ.

ಮಗನಿಗೆ 4 ವರ್ಷ, ಬೆಂಗಳೂರಲ್ಲಿ ಹುಟ್ಟಿದವನು. ಇಂಡಿಯನ್ ಪಾಸ್‌ಪೋರ್ಟ್, ಎಚ್-4 (ಇಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಕೊಡುವ) ವೀಸಾ ಎರಡೂ ಚಾಲ್ತಿಯಲ್ಲಿವೆ. ಚಿಂತೆ ಇರೋದು 8 ವರ್ಷದ ಮಗಳದ್ದು. ಇಲ್ಲೇ ಹುಟ್ಟಿದವಳು, ಅಮೆರಿಕನ್ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಹೊರಟ ಬಂದರಿಗೇ ಮರಳುವ ಕ್ರೂಸ್ ಆದರೆ 16ರ ಒಳಗಿನ ಅಮೆರಿಕನ್ ಮಕ್ಕಳಿಗೆ ಜನನ ಪ್ರಮಾಣಪತ್ರ ಸಾಕು ಅಂತ ನಿಯಮವೇನೋ ಇದೆ. ಆದರೆ ಫೈಲ್ ತೆಗೆದರೆ ಸಿಕ್ಕಿದ್ದು ಆಸ್ಪತ್ರೆಯವರು ಕೊಟ್ಟ, ಪುಟ್ಟ ಪಾದಗಳ ಮಸಿ ಗುರುತಿರುವ ಹಾಳೆ. ನೋಡಿ ಕಣ್ಣು ತುಂಬಿ ಬಂತು, ಆದರೆ ಅದು ಸರ್ಕಾರಿ ದಾಖಲೆ ಅಲ್ಲ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಿಂದ ಮುದ್ರೆಯಿರುವ ಪ್ರತಿ ತರಿಸಬೇಕು.

ದಾರಿಯಲ್ಲಿ ಏನಾದರೂ ಆಗಿ ಮೆಕ್ಸಿಕೋದಿಂದ ವಿಮಾನದಲ್ಲಿ ಬರಬೇಕಾದರೆ ಪಾಸ್‌ಪೋರ್ಟ್ ಬೇಕೇಬೇಕಲ್ಲ, ನನ್ನ ನಿಜವಾದ ಭಯ ಅದೇ. ಹೊಸದು ಮಾಡಿಸಲು ತಂದೆಯ ಒಪ್ಪಿಗೆ ನೋಟರಿ ಆಗಿರಬೇಕು. ಭಾರತದಲ್ಲಿ ಕೂತು ಅದನ್ನು ಮಾಡಿಸಿ ಕಳಿಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಹಿಡಿಯಿತು? ಒಬ್ಬರೇ ಮಕ್ಕಳನ್ನು ಕರೆದೊಯ್ದವರಿಗೆ ಹಡಗು ಹತ್ತುವಾಗ ಒಪ್ಪಿಗೆ ಪತ್ರ ಕೇಳಿದರಾ? ದಯವಿಟ್ಟು ನಿಮ್ಮ ಸ್ವಂತ ಅನುಭವ ಹೇಳಿ, ಮಕ್ಕಳು ಆಗಲೇ ಈಜುಡುಗೆ ತೆಗೆದಿಟ್ಟುಕೊಂಡಿದ್ದಾರೆ.