‘ಸ್ಟೆರೈಲ್ ನ್ಯೂಟ್ರಿನೊ’: ಬರಡೋ, ನಿಷ್ಕ್ರಿಯವೋ, ಅಲಿಪ್ತವೋ?

ಮಾನ್ಯರೇ,

ನ್ಯೂಟ್ರಿನೊ ಕಣಗಳ ಕುರಿತು ಸಾಮಾನ್ಯ ಓದುಗರಿಗಾಗಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ಅದರಲ್ಲಿ ಪದೇ ಪದೇ ಬರುವ ‘ಸ್ಟೆರೈಲ್’ ಎಂಬ ವಿಶೇಷಣಕ್ಕೆ ಕನ್ನಡದಲ್ಲಿ ಯಾವ ಪದ ತಕ್ಕದ್ದೆಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಪದವನ್ನು ಹಾಗೆಯೇ ಉಳಿಸಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮಲ್ಲಿ ‘ಸ್ಟೆರೈಲ್’ ಎಂದೊಡನೆ ನೆನಪಾಗುವುದು ಆಸ್ಪತ್ರೆಯ ಸಿರಿಂಜು. ಅಲ್ಲಿ ಅದರ ಅರ್ಥ ರೋಗಾಣುಗಳಿಲ್ಲದ್ದು ಎಂದು. ನ್ಯೂಟ್ರಿನೊಗೂ ಶುಚಿತ್ವಕ್ಕೂ ಯಾವ ಸಂಬಂಧವೂ ಇಲ್ಲ.

ಪದಗಳನ್ನು ತೂಗುವ ಮೊದಲು ವಿಷಯವನ್ನು ಸ್ವಲ್ಪ ಹೇಳಬೇಕು. ಈಗ ತಿಳಿದಿರುವ ನ್ಯೂಟ್ರಿನೊಗಳು ಮೂರು ಬಗೆಯವು: ಎಲೆಕ್ಟ್ರಾನ್ ನ್ಯೂಟ್ರಿನೊ, ಮ್ಯೂಆನ್ ನ್ಯೂಟ್ರಿನೊ, ಟೌ ನ್ಯೂಟ್ರಿನೊ. ಇವುಗಳಿಗೆ ವಿದ್ಯುದಂಶವಿಲ್ಲ, ಗುರುತ್ವವನ್ನು ಬಿಟ್ಟರೆ ಇವು ಒಳಪಡುವುದು ದುರ್ಬಲ ನ್ಯೂಕ್ಲೀಯ ಬಲಕ್ಕೆ ಮಾತ್ರ. ಆದ್ದರಿಂದ ಇವು ಪತ್ತೆಯಾಗುವುದೇ ಅಪರೂಪ. 1965ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿದಾಗಲೂ ಉಪಕರಣಗಳು ಕಂಡದ್ದು ನ್ಯೂಟ್ರಿನೊವನ್ನಲ್ಲ, ಅದು ಬಂಡೆಯೊಳಗಿನ ಪರಮಾಣು ಬೀಜಕ್ಕೆ ತಾಗಿದಾಗ ಹೊರಬಿದ್ದ ಮ್ಯೂಆನನ್ನು, ಅಂದರೆ ಎಲೆಕ್ಟ್ರಾನಿನಂಥದೇ ಆದರೆ ಅದಕ್ಕಿಂತ ಭಾರವಾದ ಕಣವನ್ನು. ಸ್ಟೆರೈಲ್ ನ್ಯೂಟ್ರಿನೊ ಎಂದರೆ ಆ ದುರ್ಬಲ ಬಲಕ್ಕೂ ಒಳಪಡದ, ಹಾಗಾಗಿ ಎಲೆಕ್ಟ್ರಾನನ್ನಾಗಲಿ ಮ್ಯೂಆನನ್ನಾಗಲಿ ಎಂದೂ ನೇರವಾಗಿ ಹೊರಡಿಸದ, ಊಹೆಯ ಕಣ. ಇಟಲಿಯಲ್ಲಿ ಹುಟ್ಟಿ ಸೋವಿಯತ್ ಒಕ್ಕೂಟದಲ್ಲಿ ನೆಲೆಸಿದ್ದ ಬ್ರೂನೊ ಪಾಂಟೆಕೊರ್ವೊ 1967ರಲ್ಲಿ ಈ ವಿಶೇಷಣವನ್ನು ಬಳಸಿದರು. ಏನನ್ನೂ ಹುಟ್ಟಿಸದಿರುವುದು ಎಂಬ ಅರ್ಥವೇ ಅದರಲ್ಲಿ ಮುಖ್ಯವೆಂದು ನಾನು ತಿಳಿಯುತ್ತೇನೆ.

ಆದರೆ ಅಷ್ಟಕ್ಕೇ ನಿಂತರೆ ಅರ್ಥ ಅರ್ಧವಾಗುತ್ತದೆ. ಒಂದು ಬಗೆಯ ನ್ಯೂಟ್ರಿನೊ ಸಾಗುವ ದಾರಿಯಲ್ಲೇ ಇನ್ನೊಂದು ಬಗೆಯಾಗುವ ಆಂದೋಲನದಲ್ಲಿ ಈ ಊಹೆಯ ಕಣವೂ ಪಾಲುಗೊಳ್ಳುತ್ತದೆ. ಅಂದರೆ ಅದು ಉಳಿದ ಮೂರರೊಡನೆ ಅಲ್ಪಸ್ವಲ್ಪ ಬೆರೆತಿರುತ್ತದೆ. ಹುಡುಕಾಟವೆಲ್ಲ ನಿಂತಿರುವುದು ಈ ಬೆರಕೆಯ ಮೇಲೆಯೇ. ಅಮೆರಿಕದ ಲಾಸ್ ಅಲಮಾಸ್‌ನಲ್ಲಿ 1993ರಿಂದ 1998ರವರೆಗೆ ನಡೆದ ಎಲ್‌ಎಸ್‌ಎನ್‌ಡಿ ಎಂಬ ನ್ಯೂಟ್ರಿನೊ ಪ್ರಯೋಗದಲ್ಲಿ, ಮೂಲದಿಂದ ಸುಮಾರು 30 ಮೀಟರ್ ದೂರದಲ್ಲಿಯೇ, ಮ್ಯೂಆನ್ ಪ್ರತಿನ್ಯೂಟ್ರಿನೊಗಳಲ್ಲಿ (ಮ್ಯೂಆನ್ ನ್ಯೂಟ್ರಿನೊದ ಪ್ರತಿಕಣಗಳಲ್ಲಿ) ಕೆಲವು ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊಗಳಾಗಿ ಮಾರ್ಪಟ್ಟಂತೆ ಕಂಡಿತು. ಅಷ್ಟು ಹತ್ತಿರದಲ್ಲಿ ಮಾರ್ಪಾಡು ಆಗಬೇಕಾದರೆ ನ್ಯೂಟ್ರಿನೊ ದ್ರವ್ಯರಾಶಿಗಳ ವರ್ಗಗಳ (ಅದರಿಂದಲೇ ಗುಣಿಸಿದ ಬೆಲೆಗಳ) ನಡುವಿನ ಅಂತರ, ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದ ವರ್ಗದ ಅಳತೆಯಲ್ಲಿ, ಸುಮಾರು 1ರಷ್ಟು ಇರಬೇಕು. ತಿಳಿದ ಮೂರು ನ್ಯೂಟ್ರಿನೊಗಳಲ್ಲಿ ಅತಿ ದೊಡ್ಡ ಅಂತರವೇ 0.0025ರ ಆಸುಪಾಸಿನಲ್ಲಿದೆ. ಲೆಕ್ಕ ಹೊಂದಬೇಕಾದರೆ ನಾಲ್ಕನೆಯದೊಂದು ಬೇಕು. ಅತ್ತ, ಯುರೋಪಿನ ಕಣಭೌತ ಸಂಶೋಧನಾ ಕೇಂದ್ರವಾದ ಸರ್ನ್‌ನ ಲೆಪ್ ವೇಗವರ್ಧಕದಲ್ಲಿ, ದುರ್ಬಲ ಬಲದ ವಾಹಕವಾದ ಜ಼ಡ್ ಕಣದ ಕ್ಷಯವನ್ನು ಅಳೆದಾಗ, ದುರ್ಬಲ ಬಲಕ್ಕೆ ಒಳಪಡುವ ಹಗುರ ನ್ಯೂಟ್ರಿನೊಗಳು ಮೂರೇ ಬಗೆಯವೆಂದು ಖಚಿತವಾಗಿತ್ತು. ನಾಲ್ಕನೆಯದು ಇದ್ದರೆ ಅದು ಸ್ಟೆರೈಲ್ ಆಗಿಯೇ ಇರಬೇಕೆಂಬ ತರ್ಕ ಹುಟ್ಟಿದ್ದು ಹೀಗೆ. ಆದ್ದರಿಂದ ನಮ್ಮ ಪದವು ‘ತಾನಾಗಿ ಫಲ ಕೊಡದು’ ಎಂಬುದನ್ನು ಹೇಳಬೇಕು. ಆದರೆ ‘ಬೆರೆಯದು, ಬದಲಾಗದು’ ಎಂಬ ಸೂಚನೆಯನ್ನು ಕೊಡಬಾರದು.

ಈ ಒರೆಗೆ ಹಚ್ಚಿದಾಗ ‘ಅಲಿಪ್ತ’ ಮೊದಲಿಗೇ ಬಿದ್ದುಹೋಗುತ್ತದೆ. ಕೇಳಲು ಸೊಗಸಾಗಿದೆ, ಅಲಿಪ್ತ ರಾಷ್ಟ್ರಗಳ ಕಾಲದಿಂದ ಪರಿಚಿತವೂ ಆಗಿದೆ. ಆದರೆ ಲೇಪಗೊಳ್ಳದ್ದು, ಅಂಟಿಕೊಳ್ಳದ್ದು ಎಂಬ ಅದರ ಮೂಲಾರ್ಥ, ಬೆರೆತಿರುವ ಕಣಕ್ಕೆ ನೇರವಾಗಿ ವಿರುದ್ಧ. ‘ತಟಸ್ಥ’ವನ್ನು ವಿದ್ಯುದಂಶವಿಲ್ಲದ್ದಕ್ಕೆ ಆಗಲೇ ಕೊಟ್ಟಾಗಿದೆ. ‘ಜಡ’ ಎಂದರೆ ಜಡತ್ವದ ನೆನಪಾಗಿ, ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವ ಕಣವನ್ನು ಕೂತಲ್ಲೇ ಕೂರಿಸಿದಂತಾಗುತ್ತದೆ. ‘ಬಂಜೆ’ಯನ್ನು ನಾನು ಪರಿಗಣಿಸುವುದೇ ಇಲ್ಲ, ಅದು ಹೆಣ್ಣನ್ನು ನೋಯಿಸಲು ಬಳಕೆಯಾಗಿರುವ ಮಾತು, ವಿಜ್ಞಾನದ ಪರಿಭಾಷೆಗೆ ಅದನ್ನು ಎಳೆದು ತರುವ ಅಗತ್ಯವಿಲ್ಲ.

‘ವಂಧ್ಯ’ದ ತೊಡಕು ಬೇರೆ ಬಗೆಯದು. ಸಂಸ್ಕೃತ ಪದಗಳಿಂದ ಪರಿಭಾಷೆ ಕಟ್ಟುವವರಿಗೆ ಅದು ಸಹಜವಾಗಿ ಒದಗುವ ಪದವೇ. ಆದರೆ ವೇದಾಂತದ ಚರ್ಚೆಗಳನ್ನು ಕೇಳಿ ಬೆಳೆದವರಿಗೆ ಅದರ ಹಿಂದೆಯೇ ‘ವಂಧ್ಯಾಪುತ್ರ’ ನೆನಪಾಗುತ್ತಾನೆ: ಗಗನಕುಸುಮ, ಮೊಲದ ಕೊಂಬು ಇವುಗಳ ಸಾಲಿನಲ್ಲಿ, ಎಂದೂ ಇರಲಾರದ ವಸ್ತುವಿಗೆ ಕೊಡುವ ದೃಷ್ಟಾಂತವದು. ಕಣ ಇದೆಯೋ ಇಲ್ಲವೋ ಎಂದು ಪ್ರಯೋಗಗಳು ಇನ್ನೂ ಪರೀಕ್ಷಿಸುತ್ತಿರುವಾಗ ಹೆಸರೇ ತೀರ್ಪು ಕೊಟ್ಟುಬಿಡುವುದು ನ್ಯಾಯವಲ್ಲ.

ನಿಜವಾದ ಸ್ಪರ್ಧೆ ‘ನಿಷ್ಕ್ರಿಯ’ ಮತ್ತು ‘ಬರಡು’ ಎಂಬ ಎರಡರ ನಡುವೆ. ನಿಷ್ಕ್ರಿಯದ ಪರವಾಗಿ ಬಲವಾದ ವಾದವೊಂದಿದೆ. ಭೌತವಿಜ್ಞಾನಿಗಳು ಉಳಿದ ಮೂರನ್ನು ‘ಆಕ್ಟಿವ್’ ಎನ್ನುವುದರಿಂದ ಸಕ್ರಿಯ, ನಿಷ್ಕ್ರಿಯ ಎಂಬ ಜೋಡಿ ತಾನಾಗಿ ಕೂಡಿಬರುತ್ತದೆ. ಬರಡಿಗೆ ಜೋಡಿಯಾಗಿ ಬರುವುದು, ಹಾಲು ಕೊಡುವ ದನಕ್ಕೆ ಹೇಳುವ ‘ಹಯನು’. ‘ಹಯನು ನ್ಯೂಟ್ರಿನೊ’ ಎಂದು ಬರೆದರೆ ಹಾಲಿನ ಡೇರಿಯವರೂ ನಕ್ಕಾರು. ಆದರೂ ವಾಕ್ಯಗಳಲ್ಲಿ ಹಾಕಿ ನೋಡಿದಾಗ ನಿಷ್ಕ್ರಿಯ ಎಡವುತ್ತದೆ. ಷಿಕಾಗೊ ಸಮೀಪದ ಫರ್ಮಿಲ್ಯಾಬ್‌ನ ಮೈಕ್ರೊಬೂನ್ ಪ್ರಯೋಗದ ತೊಟ್ಟಿಯಲ್ಲಿ ಇದ್ದದ್ದು 170 ಟನ್ ದ್ರವ ಆರ್ಗಾನ್, ಆರ್ಗಾನ್ ನಮ್ಮ ಪಠ್ಯಪುಸ್ತಕಗಳ ‘ನಿಷ್ಕ್ರಿಯ ಅನಿಲ’ಗಳಲ್ಲಿ ಒಂದು, ಆ ತೊಟ್ಟಿಯಲ್ಲಿ ಸಂಕೇತಗಳನ್ನು ದಾಖಲಿಸುವ ಭಾಗಕ್ಕೂ ‘ಸಕ್ರಿಯ’ವೆಂದೇ ಹೆಸರು. ‘ನಿಷ್ಕ್ರಿಯ ಅನಿಲದ ಸಕ್ರಿಯ ಭಾಗದಲ್ಲಿ ನಿಷ್ಕ್ರಿಯ ನ್ಯೂಟ್ರಿನೊದ ಸುಳಿವಿಗಾಗಿ’ ಎಂದು ಬರೆದು ಓದುಗರನ್ನು ದಡ ಮುಟ್ಟಿಸುವುದು ಕಷ್ಟ. ಇನ್ನೂ ಒಂದು ಮಾತು: ಸಾಮಾನ್ಯ ನ್ಯೂಟ್ರಿನೊವನ್ನೇ ನಾವು ‘ಯಾವುದರೊಡನೆಯೂ ವರ್ತಿಸದ ಕಣ’ ಎಂದು ಉತ್ಪ್ರೇಕ್ಷೆಯಿಂದ ಬಣ್ಣಿಸುತ್ತ ಬಂದಿರುವುದರಿಂದ, ‘ನಿಷ್ಕ್ರಿಯ ನ್ಯೂಟ್ರಿನೊ’ ಎಂದರೆ ಅದೇ ಹಳೆಯ ಕಣದ ವರ್ಣನೆಯೆಂದು ಓದುಗರು ಭಾವಿಸುವ ಸಂಭವವೇ ಹೆಚ್ಚು.

‘ಬರಡು’ ನೆಲಕ್ಕೂ ದನಕ್ಕೂ ಬದುಕಿಗೂ ಸಲ್ಲುವ ಪದ. ಮಿಗಿಲಾಗಿ, ಅದು ಹೇಳುವುದು ಇಂದಿನ ಸ್ಥಿತಿಯನ್ನೇ ಹೊರತು ಎಂದೆಂದಿಗೂ ಅಳಿಯದ ಗುಣವನ್ನಲ್ಲ ಎಂದು ನನಗೆ ತೋರುತ್ತದೆ. ‘ಬರಡು ಹಯನಹುದಯ್ಯಾ’ ಎಂಬ ಬಸವಣ್ಣನವರ ಪ್ರಯೋಗ ಇದಕ್ಕೆ ಆಧಾರ. ಅಲ್ಲಿ ಅದಕ್ಕೆ ದೈವಕೃಪೆ ಬೇಕು, ಇಲ್ಲಿ ಆಂದೋಲನ ಸಾಕು. ಆದರೆ ಬರಡಾಗಿದ್ದದ್ದು ಫಲ ಕೊಡುವ ಸ್ಥಿತಿಗೆ ತಿರುಗಬಹುದೆಂಬ ಅರ್ಥಕ್ಕೆ ಪದದೊಳಗೇ ಎಡೆಯಿದೆ. ಆದ್ದರಿಂದ ನನ್ನ ಒಲವು ‘ಬರಡು ನ್ಯೂಟ್ರಿನೊ’ದ ಕಡೆಗೆ, ಉಳಿದವುಗಳಿಗೆ, ಜೋಡಿ ಹೊಂದದಿದ್ದರೂ ಸರಿ, ‘ಸಕ್ರಿಯ’ ಎಂದೇ ಇರಲಿ.

ಇದಕ್ಕೆ ಅಂಟಿಕೊಂಡಿರುವ ಎರಡು ಬಳಕೆಗಳ ಬಗ್ಗೆಯೂ ಅಭಿಪ್ರಾಯ ಬೇಕಾಗಿದೆ. ‘ನ್ಯೂ ಫಿಸಿಕ್ಸ್’ ಎಂಬುದನ್ನು ‘ಹೊಸ ಭೌತಶಾಸ್ತ್ರ’ ಎಂದರೆ ಬದಲಾದ ಪಠ್ಯಕ್ರಮವೆಂಬಂತೆ ಕೇಳಿಸುತ್ತದೆ. ಹೊಸದಾಗಿರುವುದು ಶಾಸ್ತ್ರವಲ್ಲ, ಮೂಲಕಣಗಳನ್ನೂ ಅವುಗಳ ನಡುವಿನ ಬಲಗಳನ್ನೂ ವಿವರಿಸುವ ಈಗಿನ ಸಿದ್ಧಾಂತಕ್ಕೆ, ಅಂದರೆ ಪ್ರಮಾಣಿತ ಮಾದರಿಗೆ, ಸಿಕ್ಕದ ವಿದ್ಯಮಾನ. ‘ಪ್ರಮಾಣಿತ ಮಾದರಿಯಾಚೆಯ ವಿದ್ಯಮಾನ’ ಎಂಬುದು ಉದ್ದವಾದರೂ ತಪ್ಪಾಗದು. ಇನ್ನೊಂದು, ಫಲಿತಾಂಶವನ್ನು ಹೇಳುವ ಕ್ರಿಯಾಪದ. 2025ರ ಡಿಸೆಂಬರ್‌ನಲ್ಲಿ ಮೈಕ್ರೊಬೂನ್ ತಂಡ ಪ್ರಕಟಿಸಿದ ವಿಶ್ಲೇಷಣೆಯು, ಎಲ್‌ಎಸ್‌ಎನ್‌ಡಿಯಲ್ಲೂ ಬಳಿಕ ಫರ್ಮಿಲ್ಯಾಬ್‌ನ ಮಿನಿಬೂನ್ ಪ್ರಯೋಗದಲ್ಲೂ ಕಂಡ ಹೆಚ್ಚುವರಿ ಸಂಕೇತಗಳಿಗೆ ಒಂದೇ ಒಂದು ಹಗುರ ಬರಡು ನ್ಯೂಟ್ರಿನೊ ಕಾರಣ ಎಂಬ ವಿವರಣೆಯನ್ನು ಶೇ 95ರ ವಿಶ್ವಾಸ ಮಟ್ಟದಲ್ಲಿ ತಳ್ಳಿಹಾಕಿತು. ಇದನ್ನು ‘ಬರಡು ನ್ಯೂಟ್ರಿನೊ ಇಲ್ಲವೆಂದು ಸಾಬೀತಾಯಿತು’ ಎಂದು ಬರೆಯುವಂತಿಲ್ಲ. ಬಿದ್ದದ್ದು ಒಂದು ವಿವರಣೆ; ಗ್ಯಾಲಿಯಮ್ ಲೋಹವನ್ನು ಬಳಸಿ ನ್ಯೂಟ್ರಿನೊಗಳನ್ನು ಪತ್ತೆಹಚ್ಚುವ ಪ್ರಯೋಗಗಳಲ್ಲಿ ಎಣಿಕೆ ನಿರೀಕ್ಷೆಗಿಂತ ಕಡಿಮೆ ಬಂದದ್ದಕ್ಕೆ ಕಾರಣ ಇನ್ನೂ ತಿಳಿದಿಲ್ಲ, ತುಂಬ ಭಾರವಾದ ಬರಡು ನ್ಯೂಟ್ರಿನೊಗಳ ಮಾತೇ ಬೇರೆ. ‘ತಳ್ಳಿಹಾಕು’ ನ್ಯಾಯಾಲಯದ ಅರ್ಜಿಗಳಿಗೆ ಬಳಕೆಯಾಗಿ ತುಸು ಒರಟಾಗಿದೆ. ‘ಈ ವಿವರಣೆಗೆ ಎಡೆಯಿಲ್ಲವಾಗಿದೆ’ ಎಂಬ ರೂಪ ಹೇಗೆಂದು ತಿಳಿಸಬೇಕು.

ಮುಖ್ಯ ಪ್ರಶ್ನೆ ಮಾತ್ರ ಬರಡಿನದೇ. ತಮ್ಮ ತಮ್ಮ ಸೀಮೆಯ ಆಡುಮಾತಿನಲ್ಲಿ ‘ಬರಡು’ ಮತ್ತು ‘ಗೊಡ್ಡು’ ಎಂಬ ಎರಡಕ್ಕೂ ವ್ಯತ್ಯಾಸವುಂಟೇ? ಹಾಲು ಬತ್ತಿದ ಹಸು ಮತ್ತೆ ಕರು ಹಾಕಬಹುದೆಂಬ ಎಣಿಕೆ ಇರುವಾಗ ಅದನ್ನು ಬರಡು ಎನ್ನುತ್ತಾರೆಯೇ, ಅಥವಾ ಇನ್ನು ಗಬ್ಬವಾಗದೆಂದು ತೀರ್ಮಾನವಾದ ಮೇಲೆ ಮಾತ್ರ ಆ ಮಾತನ್ನು ಬಳಸುತ್ತಾರೆಯೇ? ಎರಡನೆಯದೇ ಬಳಕೆಯಾದರೆ ನನ್ನ ವಾದದ ಮುಖ್ಯ ಆಧಾರವೇ ಕುಸಿಯುವುದರಿಂದ, ಪದಕೋಶದ ಅರ್ಥಕ್ಕಿಂತ ದನ ಸಾಕುವ ಮನೆಗಳ ಮಾತನ್ನು ಬಲ್ಲವರ ಉತ್ತರವನ್ನು ವಿಶೇಷವಾಗಿ ಕೋರುತ್ತೇನೆ.