ನಾಲ್ಕನೆಯ ತರಗತಿಗೇ ಮಕ್ಕಳ ದಾರಿ ಬೇರೆಯಾಗುವ ಜರ್ಮನಿಯ ಪದ್ಧತಿ: ತಿಳಿದವರು ದಯವಿಟ್ಟು ಹೇಳಿ

ಪ್ರಶ್ನೆ (ಮಾಲೂರು, ಕೋಲಾರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಸಂಸಾರ ಎರಡು ವರ್ಷಗಳಿಂದ ಜರ್ಮನಿಯ ಬವೇರಿಯಾದಲ್ಲಿದೆ. ಅವಳ ಮಗಳು ಈಗ ಮೂರನೆಯ ತರಗತಿಯಲ್ಲಿದ್ದಾಳೆ. ನಾಲ್ಕನೆಯ ತರಗತಿ ಮುಗಿಯುತ್ತಲೇ ಅಲ್ಲಿ ಮಕ್ಕಳನ್ನು ಗಿಮ್ನಾಸಿಯುಮ್ (ಮೇಲಿನ ದರ್ಜೆಯದು), ರೆಯಾಲ್‌ಶೂಲೆ (ನಡುವಿನದು), ಮಿಟೆಲ್‌ಶೂಲೆ (ಕೆಳಗಿನದು) ಎಂದು ಬೇರೆ ಬೇರೆ ಶಾಲೆಗಳಿಗೆ ಕಳುಹಿಸುತ್ತಾರಂತೆ, ವಿಶ್ವವಿದ್ಯಾಲಯಕ್ಕೆ ನೇರ ದಾರಿ ಗಿಮ್ನಾಸಿಯುಮ್‌ನಿಂದಲೇ ಅಂತೆ. ಇದನ್ನು ಕೇಳಿದಾಗಿನಿಂದ ನಮ್ಮ ತಾಯಿಯವರಿಗೆ ನೆಮ್ಮದಿಯಿಲ್ಲ. ಮೊನ್ನೆ ವಿಡಿಯೊ ಕರೆಯಲ್ಲಿ ಮಗು ತನ್ನ ಲೆಕ್ಕದ ಪುಸ್ತಕ ತೋರಿಸಿದಳು. ಗುಣಾಕಾರ, ಭಾಗಾಕಾರವೆಲ್ಲ ಸರಿಯಾಗಿವೆ, ವಾಕ್ಯರೂಪದ ಲೆಕ್ಕಗಳ ಜಾಗ ಮಾತ್ರ ಖಾಲಿಯಿದೆ. ಲೆಕ್ಕ ಬಾರದೆ ಬಿಟ್ಟದ್ದಲ್ಲ, ಜರ್ಮನ್ ವಾಕ್ಯ ಅರ್ಥವಾಗದೆ ಬಿಟ್ಟದ್ದು. ಇಂಥ ಮಗುವಿನ ಯೋಗ್ಯತೆಯನ್ನು ಹತ್ತನೆಯ ವಯಸ್ಸಿಗೇ ನಿರ್ಧರಿಸುವುದು ಸರಿಯೇ? ಅವಳನ್ನು ಊರಿಗೆ ಕರೆಸಿಕೊಂಡು ಇಲ್ಲಿಯೇ ಓದಿಸುವುದು ಮೇಲೇ?

ಉತ್ತರ (ಚಿಕ್ಕಬಳ್ಳಾಪುರದವಳು, ಈಗ ಸ್ಟುಟ್‌ಗಾರ್ಟ್‌ನಲ್ಲಿ ವಾಸ)

ಸರ್, ನನ್ನ ಇಬ್ಬರು ಮಕ್ಕಳೂ ಈ ಘಟ್ಟವನ್ನು ದಾಟಿದವರಾದ್ದರಿಂದ ನಿಮ್ಮ ತಾಯಿಯವರ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿ ಶಿಕ್ಷಣ ಆಯಾ ರಾಜ್ಯದ ಅಧಿಕಾರ; 16 ರಾಜ್ಯಗಳಿಗೂ ಅವುಗಳದೇ ನಿಯಮಗಳಿವೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಪ್ರಾಥಮಿಕ ಶಾಲೆಯೇ 6 ವರ್ಷ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ 2012ರಲ್ಲಿ ತೀರ್ಮಾನವನ್ನು ಪೋಷಕರಿಗೇ ಬಿಟ್ಟಿದ್ದರು, 2025ರಿಂದ ಗಿಮ್ನಾಸಿಯುಮ್‌ಗೆ ಮತ್ತೆ ಬಿಗಿ ಮಾಡಿದ್ದಾರೆ. ಬವೇರಿಯಾ ಈ ವಿಷಯದಲ್ಲಿ ಮೊದಲಿನಿಂದಲೂ ಕಟ್ಟುನಿಟ್ಟು. ನಾಲ್ಕನೆಯ ತರಗತಿಯ ಮೇ ತಿಂಗಳ ಆರಂಭದಲ್ಲಿ ಅಂಕಪತ್ರ ಕೈಗೆ ಬರುತ್ತದೆ. ಜರ್ಮನ್, ಗಣಿತ, ಪರಿಸರ ಅಧ್ಯಯನದಂಥ ಇನ್ನೊಂದು ವಿಷಯ, ಈ ಮೂರರ ಸರಾಸರಿ 2.33ರೊಳಗಿದ್ದರೆ ಗಿಮ್ನಾಸಿಯುಮ್, 2.66ರೊಳಗಿದ್ದರೆ ರೆಯಾಲ್‌ಶೂಲೆ. (ಇಲ್ಲಿ 1 ಅತ್ಯುತ್ತಮ, 6 ಅತಿ ಕಡಿಮೆ ಎಂಬುದನ್ನು ನಿಮ್ಮ ತಾಯಿಯವರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಇನ್ನಷ್ಟು ಗಾಬರಿಯಾಗುತ್ತಾರೆ.) ಸರಾಸರಿ ಸಾಲದಿದ್ದರೆ ಮೂರು ದಿನಗಳ ಪರೀಕ್ಷಾ ಪಾಠಗಳಿಗೆ ಕೂರಿಸಿ ಇನ್ನೊಮ್ಮೆ ನೋಡುತ್ತಾರೆ.

ಅಲ್ಲಿಗೆ ಎಲ್ಲವೂ ಮುಗಿಯುವುದಿಲ್ಲ. ರೆಯಾಲ್‌ಶೂಲೆಯಲ್ಲಿ ಹತ್ತು ಮುಗಿಸಿ, ಫಾಖ್‌ಓಬರ್‌ಶೂಲೆ ಎಂಬ ಮೇಲಿನ ಶಾಲೆ ಸೇರಿ ಇಂಜಿನಿಯರ್ ಆದವರು ನಮ್ಮ ಕಚೇರಿಯಲ್ಲೇ ಇದ್ದಾರೆ. ಆದರೆ ನಡುವೆ ಶಾಲೆ ಬದಲಿಸುವವರಲ್ಲಿ ಮೇಲಕ್ಕೆ ಹೋಗುವವರಿಗಿಂತ ಕೆಳಕ್ಕೆ ಇಳಿಯುವವರೇ ಹೆಚ್ಚು ಎಂಬುದನ್ನು ಮುಚ್ಚಿಡಲಾರೆ. ಈ ಪದ್ಧತಿ ಮಗುವಿನ ಜೊತೆಗೆ ಅದರ ಮನೆಯನ್ನೂ ಅಳೆಯುತ್ತದೆ ಎಂಬುದೇ ನನ್ನ ದೊಡ್ಡ ತಕರಾರು. ಹದಿನೈದರ ವಯಸ್ಸಿನ ಮಕ್ಕಳ ಕಲಿಕೆಯನ್ನು ಹಲವು ದೇಶಗಳಲ್ಲಿ ಅಳೆಯುವ ಪೀಸಾ ಪರೀಕ್ಷೆಯ 2000ದ ಫಲಿತಾಂಶ 2001ರ ಡಿಸೆಂಬರ್‌ನಲ್ಲಿ ಹೊರಬಂದಾಗ, ತಂದೆತಾಯಿಯರ ಸ್ಥಿತಿಗತಿಗೂ ಮಕ್ಕಳ ಕಲಿಕೆಗೂ ಇರುವ ನಂಟು ಅತಿ ಬಿಗಿಯಾಗಿರುವ ದೇಶಗಳಲ್ಲಿ ಜರ್ಮನಿಯೂ ಒಂದೆಂದು ತಿಳಿದು ಇಡೀ ದೇಶವೇ ಬೆಚ್ಚಿಬಿದ್ದಿತ್ತು. 2006ರಲ್ಲಿ ಬಂದ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ವೆರ್ನೋರ್ ಮುನ್ಯೋಸ್ ಅವರೂ ಇಷ್ಟು ಬೇಗ ವಿಂಗಡಿಸುವುದನ್ನು ಟೀಕಿಸಿದರು. ಆದರೂ 2010ರಲ್ಲಿ ಹ್ಯಾಂಬರ್ಗ್ ಸರ್ಕಾರ ಪ್ರಾಥಮಿಕ ಶಾಲೆಯನ್ನು 6 ವರ್ಷಕ್ಕೆ ವಿಸ್ತರಿಸಲು ಹೊರಟಾಗ ಜನಮತ ಅದನ್ನು ತಳ್ಳಿಹಾಕಿತು.

ಉತ್ತರ (ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ, ಸರ್ಕಾರಿ ಶಾಲೆಯ ಶಿಕ್ಷಕ)

ಆ ಖಾಲಿ ಜಾಗದ ಮಾತನ್ನು ಓದಿ ನನ್ನ ತರಗತಿಯೇ ಕಣ್ಣಮುಂದೆ ಬಂತು. ನಮ್ಮ ಗಡಿಭಾಗದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಐದನೆಯ ತರಗತಿಯ ಒಬ್ಬ ಹುಡುಗಿ ‘ಉಳಿದ ತೆಂಗಿನಕಾಯಿಗಳೆಷ್ಟು’ ಎಂಬ ಲೆಕ್ಕದೆದುರು ಬಳಪ ಹಿಡಿದು ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಕುಳಿತು ‘ಎನ್ನಿ ಮಿಗಿಲಾಯಿ’ ಎಂದೆ, ಅಷ್ಟೇ. ನಾನು ಎದ್ದು ನಿಲ್ಲುವುದರೊಳಗೆ ಉತ್ತರ ಬರೆದಿದ್ದಳು. ಆ ವರ್ಷ ಅವಳು ನವೋದಯ ಪರೀಕ್ಷೆ ಬರೆದರೂ ಆಯ್ಕೆಯಾಗಲಿಲ್ಲ. ಊರಿನ ಪ್ರೌಢಶಾಲೆಯಲ್ಲೇ ಓದಿ, ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿದಳು. ಹತ್ತನೆಯ ವಯಸ್ಸಿನಲ್ಲಿ ಆರಿಸುವ ಕೆಲಸ ನಮ್ಮಲ್ಲೂ ಇದೆ. ಆದರೆ ಆಯ್ಕೆಯಾಗದ ಮಗುವಿಗೆ ಇಲ್ಲಿ ಬೇರೆ ದರ್ಜೆಯ ಶಾಲೆಯಿಲ್ಲ. ಹತ್ತನೆಯ ತರಗತಿಯವರೆಗೂ ಎಲ್ಲರಿಗೂ ತೆರೆದಿರುವ ದಾರಿಯೇ ಅದಕ್ಕೂ ಇರುತ್ತದೆ. ಆ ಐದು ವರ್ಷಗಳಲ್ಲಿ ಭಾಷೆ ತಾನಾಗಿ ಕೂಡಿಬರುತ್ತದೆ.

ಉತ್ತರ (ಕೋಲಾರ, ಐಟಿಐ ಬೋಧಕ)

ಇನ್ನೊಂದು ಮಾತು. ಜರ್ಮನಿಯ ವೃತ್ತಿ ತರಬೇತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆಯಲ್ಲಿ ಸಂಬಳದ ಸಮೇತ ಕೆಲಸ ಕಲಿಕೆ, ಉಳಿದ ದಿನ ವೃತ್ತಿಶಾಲೆ, ಹೀಗೆ ಎರಡರಿಂದ ಮೂರೂವರೆ ವರ್ಷ ನಡೆಯುತ್ತದೆ. ನಮ್ಮ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಹುಡುಗರಿಗೂ ಅಂಥ ಕಲಿಕೆ ಸಿಗಬೇಕೆಂಬುದು ನನ್ನ ಆಸೆ. ಆದರೆ ಆ ತರಬೇತಿ ಬೇಗನೆಂದರೂ ಆರಂಭವಾಗುವುದು ಹದಿನೈದು, ಹದಿನಾರರ ವಯಸ್ಸಿನಲ್ಲಿ. ಅದಕ್ಕಾಗಿ ಹತ್ತರಲ್ಲೇ ಮಕ್ಕಳನ್ನು ಬೇರ್ಪಡಿಸಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಂಗಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಸದ್ಯಕ್ಕೆ ಊರಿಗೆ ಕರೆಸಿಕೊಳ್ಳುವ ಯೋಚನೆ ಬಿಟ್ಟಿದ್ದೇವೆ. ಮುಂದಿನ ಪೋಷಕರ ಸಭೆಗೆ ಆ ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋಗಿ, ಖಾಲಿ ಬಿಟ್ಟ ಪುಟಗಳನ್ನು ತರಗತಿಯ ಶಿಕ್ಷಕಿಗೆ ತೋರಿಸಿ, ಜರ್ಮನ್ ಕಲಿಕೆಗೆ ಶಾಲೆಯಲ್ಲಿ ಯಾವ ನೆರವಿದೆ ಎಂದು ಕೇಳುತ್ತಾಳಂತೆ.

ಸ್ಟುಟ್‌ಗಾರ್ಟ್‌ನಿಂದ ಮತ್ತೆ

ಒಳ್ಳೆಯ ನಿರ್ಧಾರ ಸರ್. ಆ ಸಭೆ ನಾಲ್ಕನೆಯ ತರಗತಿ ಶುರುವಾಗುವ ಮೊದಲೇ ಆಗಲಿ. ಮೇ ತಿಂಗಳಿನ ಅಂಕಪತ್ರಕ್ಕೆ ಲೆಕ್ಕಕ್ಕೆ ಬರುವ ಪರೀಕ್ಷೆಗಳು ಆ ವರ್ಷದ ಆರಂಭದಲ್ಲೇ ಶುರುವಾಗಿಬಿಡುತ್ತವೆ.