ಹ್ಯಾಂಬರ್ಗ್‌ನಲ್ಲಿ ಒಬ್ಬರನ್ನು ಕೆಲಸಕ್ಕೆ ತಗೊಂಡ್ರೆ ರಜೆ ಲೆಕ್ಕ ಯಾವ ದೇಶದ್ದು?

ಪ್ರಶ್ನೆ: ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ರಫ್ತು ಕಂಪನಿ ಇದೆ, ಒಟ್ಟು ಒಂಬತ್ತು ಜನ. ಜರ್ಮನಿಗೆ ಹೋಗುವ ಮಾಲು ಜಾಸ್ತಿಯಾಗಿದೆ. ಅದಕ್ಕೆ ಹ್ಯಾಂಬರ್ಗ್‌ನಲ್ಲೇ ಇರುವ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳೋಣ ಅಂತಿದ್ದೇವೆ. ಸ್ಯಾಂಪಲ್ ತಲುಪಿಸುವುದು, ಕಾಫಿ ಬೀಜ ಹುರಿಯುವ ರೋಸ್ಟರ್ ಕಂಪನಿಗಳ ಜೊತೆ ಮಾತಾಡುವುದು, ಅಷ್ಟೇ ಕೆಲಸ. ಇಲ್ಲಿನವರಿಗೆ ಕೊಡುವ ಆಫರ್ ಲೆಟರ್‌ನಲ್ಲೇ ಹೆಸರು ಬದಲಾಯಿಸಿ ಕಳಿಸಿದೆ. ವರ್ಷಕ್ಕೆ 18 ರಜೆ, ಕೊಯ್ಲು ಇರುವುದರಿಂದ ಡಿಸೆಂಬರ್–ಜನವರಿಯಲ್ಲಿ ರಜೆ ಇಲ್ಲ, ಉಳಿದ ರಜೆಗೆ ಮಾರ್ಚ್‌ನಲ್ಲಿ ದುಡ್ಡು. ಅವರು ಓದಿ ನಕ್ಕುಬಿಟ್ಟರು. ಕೊನೆಯಲ್ಲಿ ‘ತಕರಾರು ಬಂದರೆ ಚಿಕ್ಕಮಗಳೂರು ಕೋರ್ಟ್’ ಅಂತ ಹಾಕಿದ್ದೇನಲ್ಲ, ಅದು ಸಾಲದಾ?

ಉತ್ತರ (ಹಾಸನದ ಪೇರೋಲ್ ಸಲಹೆಗಾರ): ಸಾಲದು ಸರ್. ಕಂಪನಿ ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಆ ಮನುಷ್ಯ ದಿನಾ ಎಲ್ಲಿ ಕೂತು ಕೆಲಸ ಮಾಡುತ್ತಾನೆ ಅನ್ನುವುದು ಮುಖ್ಯ. ಲೆಟರ್‌ನಲ್ಲಿ ಭಾರತದ ಕಾನೂನು ಅಂತ ಬರೆದರೂ ಅಲ್ಲಿನ ಕಾನೂನು ಕೊಡುವ ಕನಿಷ್ಠ ರಕ್ಷಣೆಯನ್ನು ಅದು ಕಿತ್ತುಕೊಳ್ಳುವ ಹಾಗಿಲ್ಲ. ಕೋರ್ಟ್ ವಿಷಯವೂ ಅಷ್ಟೇ, ಅವರು ಹ್ಯಾಂಬರ್ಗ್‌ನಲ್ಲೇ ಕೇಸು ಹಾಕಬಹುದು.

ನಿಮ್ಮ 18 ಅಲ್ಲೇ ಬಿದ್ದುಹೋಯಿತು. ಜರ್ಮನಿಯ ಕಾನೂನಿನಲ್ಲಿ 24 ದಿನ ಅಂತಿದೆ, ಆದರೆ ಅದು ಶನಿವಾರವೂ ಸೇರಿದ ಆರು ದಿನದ ವಾರಕ್ಕೆ. ಐದು ದಿನದ ವಾರ ಆದರೆ ಕನಿಷ್ಠ 20. ಒಟ್ಟಿನಲ್ಲಿ ನಾಲ್ಕು ವಾರ ಅಂತ ನೆನಪಿಟ್ಟುಕೊಳ್ಳಿ. ಸರ್ಕಾರಿ ರಜೆ ಇದರಲ್ಲಿ ಸೇರುವುದಿಲ್ಲ, ಹ್ಯಾಂಬರ್ಗ್‌ನಲ್ಲಿ ಅದು ಬೇರೆ 10 ದಿನ.

ದೊಡ್ಡ ತಪ್ಪು ಇರುವುದು ಮಾರ್ಚ್ ದುಡ್ಡಿನ ಸಾಲಿನಲ್ಲಿ. ರಜೆ ಮಾರಿ ಕಾಸು ಮಾಡಿಕೊಳ್ಳುವುದು ನಮಗೆಲ್ಲ ಅಭ್ಯಾಸ. ಅಲ್ಲಿ ಕೆಲಸದಲ್ಲಿ ಇರುವವರೆಗೂ ಆ ಕನಿಷ್ಠ ರಜೆಗೆ ಬದಲು ದುಡ್ಡು ಕೊಡುವಂತಿಲ್ಲ, ಬಿಟ್ಟು ಹೋಗುವಾಗ ಉಳಿದಿದ್ದಕ್ಕೆ ಮಾತ್ರ. ಇನ್ನೊಂದು. 2018ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ಏನಂದರೆ, ‘ನಿಮಗೆ ಇಷ್ಟು ರಜೆ ಉಳಿದಿದೆ, ತಗೊಳ್ಳಿ, ಇಲ್ಲದಿದ್ದರೆ ಇಂಥ ದಿನಕ್ಕೆ ಹೋಗುತ್ತದೆ’ ಅಂತ ಮಾಲೀಕನೇ ಸ್ಪಷ್ಟವಾಗಿ ತಿಳಿಸಬೇಕು. ಸುಮ್ನೆ ಕೂತರೆ ರಜೆ ತಾನಾಗಿ ರದ್ದಾಗುವುದಿಲ್ಲ, ಮುಂದಿನ ವರ್ಷಕ್ಕೆ ಹೋಗಿ ಗುಡ್ಡೆ ಬೀಳುತ್ತದೆ. ಪ್ರತಿ ವರ್ಷದ ಶುರುವಿನಲ್ಲೇ ಒಂದು ಇಮೇಲ್ ಹಾಕಿಬಿಡಿ.

ಕೊಯ್ಲಿನ ನೆಪವೂ ನಡೆಯುವುದು ಕಷ್ಟ. ಕೆಲಸದ ತುರ್ತು ಇದ್ದರೆ ರಜೆ ಮುಂದೂಡಬಹುದು ನಿಜ, ಆದರೆ ಇಲ್ಲಿ ತೋಟದಲ್ಲಿ ಹಣ್ಣು ಕೊಯ್ಯುವುದಕ್ಕೂ ಅಲ್ಲಿ ಸ್ಯಾಂಪಲ್ ಡಬ್ಬಿ ಹಿಡಿದು ಓಡಾಡುವುದಕ್ಕೂ ಏನು ಸಂಬಂಧ ಅಂತ ಕೇಳಿದರೆ ಏನು ಹೇಳುತ್ತೀರಿ? ಅದೂ ಕ್ರಿಸ್‌ಮಸ್ ಸಮಯ!

ಕಾಯಿಲೆ ರಜೆ ಬೇರೆ ಖಾತೆ. ಸೇರಿದ ಮೊದಲ ನಾಲ್ಕು ವಾರ ಕಳೆದ ಮೇಲೆ, ಒಂದು ಕಾಯಿಲೆಗೆ ಆರು ವಾರದವರೆಗೆ ಪೂರ್ತಿ ಸಂಬಳ ನೀವೇ ಕೊಡಬೇಕು. ಆಮೇಲೆ ಅಲ್ಲಿನ ಆರೋಗ್ಯ ವಿಮೆ ನೋಡಿಕೊಳ್ಳುತ್ತದೆ. ರಜೆ ಹಾಕಿ ಊರಿಗೆ ಹೋದಾಗ ಜ್ವರ ಬಂತು, ಡಾಕ್ಟರ್ ಚೀಟಿ ಇದೆ ಅಂದರೆ ಆ ದಿನಗಳೂ ರಜೆ ಲೆಕ್ಕಕ್ಕೆ ವಾಪಸ್. ನಮ್ಮ ಕಡೆ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ. ಹಾಗಾದರೆ ನೌಕರಿ ಬೇಡ, ಕನ್ಸಲ್ಟೆಂಟ್ ಅಂತ ತಿಂಗಳಿಗೊಂದು ಬಿಲ್ ತಗೊಂಡು ದುಡ್ಡು ಕಳಿಸಿದರೆ?

ಉತ್ತರ: ಎಲ್ಲರೂ ಬಂದು ನಿಲ್ಲುವುದು ಇಲ್ಲೇ. ಅವರಿಗೆ ನಾಲ್ಕು ಗಿರಾಕಿ ಇದ್ದು, ತಮ್ಮ ಸಮಯ ತಾವೇ ನೋಡಿಕೊಳ್ಳುತ್ತಾರೆ ಅಂದರೆ ಸರಿ. ನೀವೊಬ್ಬರೇ ಗಿರಾಕಿ, ಬೆಳಿಗ್ಗೆ ಎದ್ದರೆ ನಿಮ್ಮ ವಾಟ್ಸಾಪ್ ಆರ್ಡರ್, ರಜೆಗೂ ನಿಮ್ಮನ್ನೇ ಕೇಳಬೇಕು ಅಂದರೆ ಬಿಲ್ ಇದ್ದರೂ ಅದು ನೌಕರಿಯೇ. ಸಿಕ್ಕಿಬಿದ್ದರೆ ಸಾಮಾಜಿಕ ವಿಮೆಯ (ಪಿಂಚಣಿ, ಆರೋಗ್ಯ ಇತ್ಯಾದಿ) ಹಳೇ ಬಾಕಿ ನಾಲ್ಕು ವರ್ಷ ಹಿಂದಕ್ಕೆ ಹೋಗಿ ಕೇಳುತ್ತಾರೆ, ಬೇಕಂತಲೇ ಮಾಡಿದ್ದು ಅಂತಾದರೆ 30 ವರ್ಷ. ನೇರವಾಗಿ ನೌಕರಿ ಕೊಟ್ಟರೆ ಸಂಬಳದ ಮೇಲೆ ಸುಮಾರು ಐದನೇ ಒಂದು ಭಾಗ ಈ ವಿಮೆಗೆ ನೀವು ಕಟ್ಟಬೇಕು. ಅದನ್ನೂ ಸೇರಿಸಿ ಬಜೆಟ್ ಹಾಕಿ. ಆರ್ಡರ್‌ಗೆ ಸಹಿ ಮಾಡುವ ಅಧಿಕಾರ ಮಾತ್ರ ಅವರಿಗೆ ಕೊಡಬೇಡಿ, ಕಂಪನಿಯ ಲಾಭದ ಮೇಲೇ ಅಲ್ಲಿ ತೆರಿಗೆ ಬೀಳುವ ದಾರಿ ಅದು.

ಇನ್ನೊಬ್ಬರು: ಸರ್, ನಾನು ಹಾಸನದ ವಿದ್ಯಾನಗರದ ಮನೆಯಿಂದ ಲಂಡನ್ ಕಂಪನಿಗೆ ಕೆಲಸ ಮಾಡುತ್ತೇನೆ. ಅಲ್ಲಿನವರಿಗೆ 28 ದಿನ ರಜೆ. ನಂಗೂ ಬರುತ್ತಾ? ಹಾಸನಾಂಬೆ ಬಾಗಿಲು ತೆರೆದಾಗ ಮನೆ ತುಂಬ ನೆಂಟರು, ಒಂದು ರಜೆಗೂ ಪರದಾಡಬೇಕು.

ಉತ್ತರ: ಅದೇ ನಿಯಮ, ಈ ಸಲ ನಿಮಗೆ ಉಲ್ಟಾ. 28 ಅಂದರೆ 5.6 ವಾರ, ಅಲ್ಲಿ ಕೆಲಸ ಮಾಡುವವರಿಗೆ. ಬ್ಯಾಂಕ್ ಹಾಲಿಡೇಗಳನ್ನೂ, ಅಂದರೆ ಅಲ್ಲಿನ ಸರ್ಕಾರಿ ರಜೆಗಳನ್ನೂ, ಅದರೊಳಗೇ ಸೇರಿಸಬಹುದು, ಹಾಗಾಗಿ ಕಾಣುವಷ್ಟು ದೊಡ್ಡದೂ ಅಲ್ಲ. ನೀವು ಕೂತಿರುವುದು ಹಾಸನದಲ್ಲಿ. ಸಂಬಳ ಇಲ್ಲಿನ ಕಂಪನಿಯ ಪೇರೋಲ್‌ನಿಂದ ಬರುತ್ತಿದ್ದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ನೋಡಿ. 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ, ಜೊತೆಗೆ ವರ್ಷಕ್ಕೆ 12 ಕಾಯಿಲೆ ರಜೆ. ನೀವೇ ಇನ್‌ವಾಯ್ಸ್ ಕಳಿಸುವವರಾದರೆ ಕರಾರಿನಲ್ಲಿ ಏನು ಬರೆದಿದೆಯೋ ಅಷ್ಟೇ.

ಇನ್ನೊಬ್ಬರು: ಇನ್‌ವಾಯ್ಸೇ ಸರ್. ಈಗ ಕರಾರು ತೆಗೆದು ನೋಡಿದೆ, ರಜೆ ಅನ್ನುವ ಪದವೇ ಇಲ್ಲ.

ಉತ್ತರ: ಹಾಗಿದ್ದರೆ ರಿನ್ಯೂವಲ್‌ಗೆ ಮುಂಚೆ ಕೇಳಿ ಹಾಕಿಸಿಕೊಳ್ಳಿ, ಆಮೇಲೆ ಕೇಳಿದರೆ ಬಗ್ಗುವುದಿಲ್ಲ. ಕಾಫಿಯವರೇ, ನಿಮ್ಮ ಹೊಸ ಲೆಟರ್ ಸಹಿಗೆ ಮುಂಚೆ ಅಲ್ಲಿನ ವಕೀಲರೊಬ್ಬರಿಗೆ ತೋರಿಸಿ. ಆ ಚಿಕ್ಕಮಗಳೂರು ಕೋರ್ಟ್ ಸಾಲು ತೆಗೆದೇ ಕಳಿಸಿ ಮತ್ತೆ.